ಕೋಶ ಕಳೆದು ಹಂದರ ಉಳಿಸುವ ವಿದ್ಯೆ



ವೈದ್ಯವಿಜ್ಞಾನದ ಒಂದು ಹೊಸ ಸಂಗತಿಯನ್ನು ವೈದ್ಯರಲ್ಲದವರಿಗೂ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಪ್ರಾಣಿಗಳ ಅಂಗಾಂಶದಿಂದ ಜೀವಕೋಶಗಳನ್ನೆಲ್ಲ ತೊಳೆದು ತೆಗೆದು, ಉಳಿಯುವ ಹಂದರವನ್ನು ಮನುಷ್ಯರ ದೇಹದಲ್ಲಿ ಕೂರಿಸುವ ವಿದ್ಯೆಯನ್ನು ನಾನು ಆರಿಸಿಕೊಂಡಿದ್ದೇನೆ. ಸುಟ್ಟ ಗಾಯದ ಹೊದಿಕೆಯಿಂದ ಹಿಡಿದು ಹರ್ನಿಯಾದ ತೇಪೆಯವರೆಗೆ ಇದರ ಬಳಕೆ ಈಗಾಗಲೇ ಇದೆ. ಆದರೆ ನಾನು ಹೆಚ್ಚಾಗಿ ಮಾತಾಡುವುದು ಹೃದಯದ ಕವಾಟದ ಬಗ್ಗೆ. ಈ ವಿದ್ಯೆಗೆ ಅದಕ್ಕಿಂತ ಕಠಿಣವಾದ ಪರೀಕ್ಷೆ ಇನ್ನೊಂದಿಲ್ಲ. ನಿಮಿಷಕ್ಕೆ ಎಪ್ಪತ್ತೆರಡು ಬಡಿತ ಎಂದಿಟ್ಟುಕೊಂಡರೂ ಕವಾಟ ದಿನಕ್ಕೆ ಒಂದು ಲಕ್ಷಕ್ಕೂ ಮೀರಿ ತೆರೆದು ಮುಚ್ಚುತ್ತದೆ. ಅದರ ಎಸಳುಗಳ ದಪ್ಪ ಒಂದು ಮಿಲಿಮೀಟರೂ ಇಲ್ಲ.

ಮೊದಲು ರೋಗಿ ಯಾರು ಎಂಬುದನ್ನು ನೋಡೋಣ. ಯುರೋಪು, ಅಮೆರಿಕಗಳಲ್ಲಿ ಕವಾಟ ಬದಲಾಯಿಸಿಕೊಳ್ಳುವವರು ಬಹುಪಾಲು ವಯಸ್ಸಾದವರು. ಸವೆದು ಗಡುಸಾದ ಕವಾಟ ಅವರದು. ನಮ್ಮಲ್ಲಿ ಇಂದಿಗೂ ದೊಡ್ಡ ಕಾರಣ ರುಮ್ಯಾಟಿಕ್ ಜ್ವರ. ಶಾಲೆಗೆ ಹೋಗುವ ಮಗುವಿಗೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಗಂಟಲು ನೋವು ಬರುತ್ತದೆ, ಸರಿಯಾದ ಔಷಧ ಸಿಗುವುದಿಲ್ಲ. ಕೆಲವು ವಾರಗಳ ನಂತರ ಕೀಲುಗಳು ಊದಿಕೊಂಡು ಜ್ವರ ಬರುತ್ತದೆ. ಬ್ಯಾಕ್ಟೀರಿಯಾದ ಮೇಲೆ ಎದ್ದ ರೋಗನಿರೋಧಕ ಶಕ್ತಿ ಹೃದಯದ ಕವಾಟದ ಮೇಲೂ ಎರಗುತ್ತದೆ, ಅದರಲ್ಲೂ ಎಡಭಾಗದ ಮೈಟ್ರಲ್ ಕವಾಟದ ಮೇಲೆ. ಮಗು ಗುಣವಾಯಿತು ಎಂದು ಮನೆಯವರು ನೆಮ್ಮದಿಯಿಂದ ಇರುವಾಗ ಕವಾಟದ ಎಸಳುಗಳು ವರ್ಷವರ್ಷವೂ ಅಂಟಿಕೊಳ್ಳುತ್ತ ಹೋಗುತ್ತವೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಈ ರೋಗ ಗೊತ್ತಾಗುವುದೇ ಮೊದಲ ಬಸಿರಿನಲ್ಲಿ, ಉಸಿರು ಕಟ್ಟಿ ರಾತ್ರಿ ಎದ್ದು ಕೂರುವಂತಾದಾಗ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೊರರೋಗಿ ವಿಭಾಗಕ್ಕೆ ಹೋದವರು ಇಂಥ ಎಳೆಯ ಮುಖಗಳನ್ನು ಕಂಡಿರುತ್ತಾರೆ.

ಇಂಥ ಹೆಣ್ಣುಮಗಳಿಗೆ ಯಾವ ಕವಾಟ ಹಾಕಬೇಕು? ಒಂದು ದಾರಿ ಲೋಹ, ಪ್ಲಾಸ್ಟಿಕ್ಕಿನಂಥ ವಸ್ತುಗಳ ಯಾಂತ್ರಿಕ ಕವಾಟ. ಅದರ ಕಥೆಯಲ್ಲಿ ನಾವು ಹೆಮ್ಮೆಪಡಬೇಕಾದ ಅಧ್ಯಾಯವೊಂದಿದೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ, ಹಲವು ಮಾದರಿಗಳು ಮುರಿದ ಮೇಲೂ ಕೈಬಿಡದೆ ರೂಪಿಸಿದ ಚಿತ್ರಾ ಕವಾಟವನ್ನು ಮೊದಲ ಬಾರಿಗೆ ರೋಗಿಯ ಎದೆಯಲ್ಲಿ ಕೂರಿಸಿದ್ದು 1990ರ ಡಿಸೆಂಬರಿನಲ್ಲಿ. ಆಮದು ಕವಾಟದ ಬೆಲೆ ತೆರಲಾರದ ಲಕ್ಷಕ್ಕೂ ಹೆಚ್ಚು ಜನರಿಗೆ ಅದು ಜೀವ ಕೊಟ್ಟಿದೆ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

ಯಾಂತ್ರಿಕ ಕವಾಟ ಸವೆಯುವುದಿಲ್ಲ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ; ಹಾಗಾಗದಂತೆ ಬದುಕಿಡೀ ರಕ್ತ ತೆಳುವಾಗುವ ಮಾತ್ರೆ ನುಂಗಬೇಕು. ಮಾತ್ರೆಯ ಪ್ರಮಾಣ ಸರಿಯಿದೆಯೇ ಎಂದು ತಿಳಿಯಲು ಆಗಾಗ್ಗೆ ರಕ್ತಪರೀಕ್ಷೆ ಆಗಬೇಕು. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಶಕ್ತಿಯನ್ನು ಕುಗ್ಗಿಸುತ್ತದೆ. ವಾರವಿಡೀ ಸೊಪ್ಪಿನ ಬಸ್ಸಾರು ಉಂಡು ಮುಂದಿನ ವಾರ ಬರಿಯ ತಿಳಿಸಾರಿಗೆ ಇಳಿದರೆ ರಕ್ತದ ಹದವೇ ಬದಲಾಗುತ್ತದೆ. ತಾಲ್ಲೂಕು ಕೇಂದ್ರಕ್ಕೆ ಒಂದು ದಿನದ ಕೂಲಿ ಬಿಟ್ಟು ಹೋಗಬೇಕಾದವಳಿಗೆ ಆ ಪರೀಕ್ಷೆ ಎಷ್ಟು ಸಲ ತಪ್ಪೀತು, ಯೋಚಿಸಿ. ಬಸಿರಾದರೆ ಇನ್ನೊಂದು ಸಂಕಟ: ವಾರ್ಫರಿನ್ ಜಾತಿಯ ಮಾತ್ರೆ ಮೊದಲ ತಿಂಗಳುಗಳಲ್ಲಿ ಭ್ರೂಣದ ಮೂಳೆ, ಮೂಗುಗಳ ಬೆಳವಣಿಗೆಯನ್ನು ಕೆಡಿಸಬಲ್ಲದು. ಅದನ್ನು ಬಿಟ್ಟು ಹೆಪಾರಿನ್ ಚುಚ್ಚುಮದ್ದಿಗೆ ಹೋದರೆ ಕವಾಟದ ಮೇಲೆ ಹೆಪ್ಪುಗಟ್ಟುವ ಭಯ ಹೆಚ್ಚು.

ಇನ್ನೊಂದು ದಾರಿ ಪ್ರಾಣಿಯ ಅಂಗಾಂಶದ ಕವಾಟ. 1965ರಲ್ಲಿ ಪ್ಯಾರಿಸ್ಸಿನಲ್ಲಿ ಜ್ಯಾಂ ಪಾಲ್ ಬಿನೆ ಮತ್ತು ಅಲ್ಯಾಂ ಕಾರ್ಪೆಂಟಿಯೆ ಹಂದಿಯ ಕವಾಟವನ್ನು ಮನುಷ್ಯನಿಗೆ ಹಾಕಿದರು. ಪಾದರಸದ ಲವಣದಲ್ಲಿ ಹದಗೊಳಿಸಿದ ಆ ಮೊದಲ ಕವಾಟಗಳು ಬೇಗನೆ ಕೆಟ್ಟವು. ದೇಹ ಅವನ್ನು ಪರಕೀಯವೆಂದು ಗುರುತಿಸಿ ಉರಿಯೂತ ಎಬ್ಬಿಸಿತ್ತು. ಕಾರ್ಪೆಂಟಿಯೆ ಬಿಡಲಿಲ್ಲ. 1960ರ ದಶಕದ ಕೊನೆಗೆ ಅವರು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕಕ್ಕೆ ಬಂದರು. ಚರ್ಮ ಹದಮಾಡುವ ಉದ್ಯಮಕ್ಕೂ ಪರಿಚಯವಿರುವ ವಸ್ತು ಅದು. ಅಂಗಾಂಶದಲ್ಲಿರುವ ಕೊಲಾಜೆನ್ ಎಳೆಗಳನ್ನು ಪರಸ್ಪರ ಬಿಗಿದು, ಕೊಳೆಯದಂತೆ ಮಾಡುತ್ತದೆ. ದೇಹದ ಕಾವಲುಪಡೆ ಗುರುತಿಸಬಹುದಾದ ಎಷ್ಟೋ ಗುರುತುಗಳನ್ನು ಮುಚ್ಚುತ್ತದೆ. ಇಂದು ಜಗತ್ತಿನಲ್ಲಿ ಬಳಕೆಯಲ್ಲಿರುವ ಹಂದಿ ಕವಾಟ, ದನದ ಹೃದಯದ ಹೊರಚೀಲದಿಂದ ಹೊಲಿದ ಕವಾಟ, ಇವೆಲ್ಲ ಆ ಉಪಾಯದ ಸಂತತಿ. ಬಹುತೇಕರಿಗೆ ಬದುಕಿಡೀ ರಕ್ತ ತೆಳುವಾಗುವ ಮಾತ್ರೆ ಬೇಕಿಲ್ಲ. ಎಪ್ಪತ್ತರ ಹಿರಿಯರಲ್ಲಿ ಹತ್ತು ಹದಿನೈದು ವರ್ಷ ಚೆನ್ನಾಗಿ ಬಾಳುತ್ತವೆ.

ಎಳೆಯರಲ್ಲಿ ಬಾಳುವುದಿಲ್ಲ. ಮಗುವಿನ ಎದೆಯಲ್ಲಿ ಕೆಲವೇ ವರ್ಷಗಳಲ್ಲಿ ಈ ಕವಾಟಕ್ಕೆ ಸುಣ್ಣ ಕಟ್ಟುತ್ತದೆ. ಕಾರಣ ಗ್ಲುಟರಾಲ್ಡಿಹೈಡಿನಲ್ಲೇ ಇದೆ. ಅದು ಜೀವಕೋಶಗಳನ್ನು ಕೊಲ್ಲುತ್ತದೆ, ಆದರೆ ಹೊರಗೆ ಹಾಕುವುದಿಲ್ಲ. ಸತ್ತ ಕೋಶಗಳು ಇದ್ದಲ್ಲೇ ಉಳಿಯುತ್ತವೆ. ಬದುಕಿರುವ ಕೋಶ ಒಳಗೆ ನುಗ್ಗುವ ಕ್ಯಾಲ್ಸಿಯಮ್ಮನ್ನು ಸದಾ ಹೊರದಬ್ಬುತ್ತಿರುತ್ತದೆ. ಸತ್ತ ಕೋಶಕ್ಕೆ ಆ ಶಕ್ತಿ ಇಲ್ಲ. ಕೋಶಪೊರೆಯ ಕೊಬ್ಬಿನಲ್ಲಿ, ಡಿಎನ್‌ಎಯಲ್ಲಿ ರಂಜಕ ಬೇಕಾದಷ್ಟಿದೆ. ರಂಜಕ ಮತ್ತು ಕ್ಯಾಲ್ಸಿಯಂ ಕೂಡಿದಲ್ಲಿ ಮೂಳೆಯ ಖನಿಜ ಹುಟ್ಟುತ್ತದೆ. ಮೂಳೆ ಬೆಳೆಯುವ ವಯಸ್ಸಿನ ದೇಹದಲ್ಲಿ ಈ ಕೆಲಸ ಇನ್ನೂ ಚುರುಕು. ಜೊತೆಗೆ, ಬಿಗಿದು ಕಟ್ಟಿದ ಅಂಗಾಂಶ ಮಗುವಿನೊಂದಿಗೆ ಬೆಳೆಯುವುದೂ ಇಲ್ಲ, ಸಣ್ಣ ಹರುಕನ್ನು ತಾನೇ ಸರಿಪಡಿಸಿಕೊಳ್ಳುವುದೂ ಇಲ್ಲ. ಎರಡನೆಯ, ಮೂರನೆಯ ಬಾರಿ ಎದೆ ತೆರೆಯುವುದೊಂದೇ ಉಳಿಯುವ ದಾರಿ.

ತೊಂದರೆ ಕೋಶಗಳಲ್ಲಿದ್ದರೆ ಕೋಶಗಳನ್ನೇ ತೆಗೆದುಬಿಟ್ಟರೆ ಹೇಗೆ? ಇಡೀ ವಿದ್ಯೆ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಯಾವ ಅಂಗಾಂಶವೂ ಬರಿಯ ಕೋಶಗಳ ರಾಶಿಯಲ್ಲ. ಕೋಶಗಳು ತಾವೇ ನೇಯ್ದುಕೊಂಡ ಒಂದು ಹಂದರದಲ್ಲಿ ವಾಸಿಸುತ್ತವೆ. ಬಲ ಕೊಡುವುದಕ್ಕೆ ಕೊಲಾಜೆನ್, ಹಿಗ್ಗಿ ಕುಗ್ಗುವುದಕ್ಕೆ ಎಲಾಸ್ಟಿನ್, ನೀರು ಹಿಡಿದು ಮೆತ್ತಗಿರಿಸುವುದಕ್ಕೆ ಸಕ್ಕರೆಯ ಉದ್ದುದ್ದ ಸರಪಳಿಗಳು. ಕವಾಟದ ಎಸಳಿನಲ್ಲಿ ಈ ಮೂರೂ ಮೂರು ಪದರಗಳಾಗಿ ಅಚ್ಚುಕಟ್ಟಾಗಿ ಜೋಡಣೆಗೊಂಡಿವೆ. ಕೊಲಾಜೆನ್ನಿನ ರಚನೆ ಹಂದಿಯಲ್ಲೂ ಮನುಷ್ಯನಲ್ಲೂ ಬಹಳ ಮಟ್ಟಿಗೆ ಒಂದೇ, ಅದರ ಮೇಲೆ ದೇಹದ ಸಿಟ್ಟು ಕಡಿಮೆ. ಕೋಶ ಹೋಗಿ ಹಂದರ ಉಳಿದರೆ, ರೋಗಿಯದೇ ಕೋಶಗಳು ಬಂದು ಅದರಲ್ಲಿ ನೆಲೆಸಿ, ಹಳೆಯ ಎಳೆ ತೆಗೆದು ಹೊಸ ಎಳೆ ಹಾಕಿ, ಅದನ್ನು ತಮ್ಮದಾಗಿಸಿಕೊಳ್ಳಬಹುದು ಎಂಬುದು ಆಸೆ.

ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಈ ಕೆಲಸದ ಸೂಕ್ಷ್ಮ ಬೇಗ ಅರ್ಥವಾಗುತ್ತದೆ. ಕಚ್ಚಾ ರೇಷ್ಮೆಯ ಎಳೆಗೆ ಸೆರಿಸಿನ್ ಎಂಬ ಅಂಟು ಮೆತ್ತಿಕೊಂಡಿರುತ್ತದೆ. ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿ ಆ ಅಂಟು ಕಳೆದರೇನೇ ನೂಲಿಗೆ ಹೊಳಪು. ಕಡಿಮೆ ಕುದಿಸಿದರೆ ಅಂಟು ಉಳಿಯುತ್ತದೆ, ಹೆಚ್ಚು ಕುದಿಸಿದರೆ ನೂಲೇ ಬಲ ಕಳೆದುಕೊಳ್ಳುತ್ತದೆ. ಗಾಯ ಹೊಲಿಯುವ ರೇಷ್ಮೆ ದಾರದಲ್ಲಿ ಸೆರಿಸಿನ್ ಉಳಿದರೆ ದೇಹ ಕೆರಳುತ್ತದೆಂದು ಶಸ್ತ್ರವೈದ್ಯರಿಗೂ ಗೊತ್ತು. ಕವಾಟದಲ್ಲೂ ಇದೇ ಹದದ ಪ್ರಶ್ನೆ.

ಪ್ರಯೋಗಶಾಲೆಯಲ್ಲಿ ನಡೆಯುವುದು ಹೀಗೆ. ಕಸಾಯಿಖಾನೆಯಿಂದ ಮಂಜುಗಡ್ಡೆಯ ಮೇಲೆ ಬಂದ ಹೃದಯದಿಂದ ಕವಾಟವನ್ನು ಬಿಡಿಸಿ, ಕೊಬ್ಬು, ಸ್ನಾಯುಗಳನ್ನು ಕತ್ತರಿಸಿ ತೆಗೆಯುತ್ತಾರೆ. ಆಮೇಲೆ ಉಪ್ಪಿನಂಶ ತೀರಾ ಕಡಿಮೆ ಇರುವ ದ್ರಾವಣದಲ್ಲಿ ಇಡುತ್ತಾರೆ. ಕೋಶಗಳು ನೀರು ಹೀರಿ ಊದಿ ಒಡೆಯುತ್ತವೆ. ಮುಂದೆ ಡಿಟರ್ಜೆಂಟ್. ಅದರಲ್ಲಿ ಹೆಚ್ಚು ಬಳಕೆಯದು ಸೋಡಿಯಂ ಡೊಡೆಸಿಲ್ ಸಲ್ಫೇಟ್, ನಮ್ಮ ಟೂತ್‌ಪೇಸ್ಟು, ಶಾಂಪೂಗಳಲ್ಲಿ ನೊರೆ ಬರಿಸುವ ಅದೇ ವಸ್ತು. ನಿಧಾನವಾಗಿ ಅಲುಗುವ ತಟ್ಟೆಯ ಮೇಲೆ ಜಾಡಿ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ತೂಗಾಡುತ್ತದೆ. ಕೋಶಗಳ ಪೊರೆ ಕರಗುತ್ತ ದ್ರಾವಣ ಮಸುಕಾಗುತ್ತದೆ, ಬದಲಾಯಿಸುತ್ತಾರೆ. ಒಡೆದ ಕೋಶಗಳಿಂದ ಹೊರಬಂದ ಡಿಎನ್‌ಎ ಲೋಳೆಯಂತೆ ಎಳೆಗಳಿಗೆ ಅಂಟಿಕೊಳ್ಳುವುದರಿಂದ ಅದನ್ನು ಕತ್ತರಿಸುವ ಕಿಣ್ವ ಹಾಕುತ್ತಾರೆ. ಕೊನೆಗೆ ಜಾಲಾಡುವುದು. ಡಿಟರ್ಜೆಂಟ್ ಒಂದಿಷ್ಟು ಉಳಿದರೂ ಮುಂದೆ ಬಂದು ನೆಲೆಸಬೇಕಾದ ಕೋಶಗಳನ್ನು ಅದೇ ಕೊಲ್ಲುತ್ತದೆ. ಹೀಗೆ ತೊಳೆದ ಎಸಳನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರೆ ಗುಲಾಬಿ ಛಾಯೆ ಹೋಗಿ ಹಾಲುಬಿಳಿ, ಆಚೆಯ ಬೆರಳು ಮಸುಕಾಗಿ ಕಾಣುವಷ್ಟು ತೆಳು. ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ತೊಳೆಯುವ ಮುನ್ನ ಗುಲಾಬಿ ಅಲೆಗಳ ನಡುವೆ ಚೆಲ್ಲಿದ್ದ ನೀಲಿ ಚುಕ್ಕೆಗಳು ಈಗ ಇಲ್ಲ. ಆ ಚುಕ್ಕೆಗಳು ಕೋಶಕೇಂದ್ರಗಳು. ಅಲೆಗಳು ಮಾತ್ರ ಇದ್ದಂತೆಯೇ ಇವೆ.

ಇಂಥ ಹಂದರ ದೇಹದಲ್ಲಿ ಏನು ಮಾಡಬಲ್ಲದೆಂದು ಮೊದಲು ಬೆರಗು ಹುಟ್ಟಿಸಿದ್ದು ಕರುಳು. 1987ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಬಡಿಲಾಕ್ ನಾಯಿಯೊಂದರ ಮಹಾಪಧಮನಿಯ ತುಂಡು ತೆಗೆದು, ಅದರದೇ ಸಣ್ಣಕರುಳಿನ ತುಂಡನ್ನು ಕೊಳವೆ ಮಾಡಿ ಹೊಲಿದರು. ನಾಯಿ ಬದುಕಿತು. ತಿಂಗಳುಗಳ ನಂತರ ನೋಡಿದಾಗ ಕರುಳು ರಕ್ತನಾಳದಂತೆ ಮಾರ್ಪಟ್ಟಿತ್ತು. ಅಲ್ಲಿಂದ ಹಂದಿಯ ಸಣ್ಣಕರುಳಿನ ಒಳಪದರವನ್ನು ಕೋಶರಹಿತಗೊಳಿಸಿ ಬಳಸುವ ದೊಡ್ಡ ಶಾಖೆಯೇ ಬೆಳೆಯಿತು.

ಈಗ ಹೇಳಲಿರುವುದು ಈ ವಿದ್ಯೆಯ ಅತ್ಯಂತ ನೋವಿನ ಘಟನೆ. ಇದನ್ನು ಬಿಟ್ಟು ಯಶಸ್ಸುಗಳನ್ನಷ್ಟೇ ಹೇಳುವುದು ನಿಮಗೆ ಮಾಡುವ ಅನ್ಯಾಯ ಎಂದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದ ಕಂಪನಿಯೊಂದು ಹಂದಿಯ ಕವಾಟದಿಂದ ಕೋಶಗಳನ್ನು ತೆಗೆದು, ಗ್ಲುಟರಾಲ್ಡಿಹೈಡ್ ಸೋಕಿಸದೆ, ಸಿನರ್‌ಗ್ರಾಫ್ಟ್ ಎಂಬ ಕವಾಟ ತಯಾರಿಸಿತು. ಮರಿಕುರಿಗಳಲ್ಲಿ ಐದು ತಿಂಗಳು ಇಟ್ಟು ನೋಡಿದಾಗ ಫಲಿತಾಂಶ ಚೆನ್ನಾಗಿತ್ತು. ಕುರಿಯ ಕೋಶಗಳು ಹಂದರದೊಳಗೆ ಬಂದು ನೆಲೆಸಿದ್ದವು. ಯುರೋಪಿನಲ್ಲಿ ಅನುಮತಿ ಸಿಕ್ಕಿತು. 2001ರಲ್ಲಿ ವಿಯೆನ್ನಾದಲ್ಲಿ ನಾಲ್ಕು ಮಕ್ಕಳಿಗೆ ಅದನ್ನು ಹಾಕಿದರು. ಅತಿ ಚಿಕ್ಕ ಮಗುವಿಗೆ ಎರಡೂವರೆ ವರ್ಷ, ದೊಡ್ಡದಕ್ಕೆ ಹನ್ನೊಂದು. ಒಂದು ಮಗು ಏಳನೆಯ ದಿನ ಕವಾಟ ಹರಿದು ತೀರಿಕೊಂಡಿತು. ಇನ್ನೊಂದು ಆರು ವಾರಕ್ಕೆ, ಮತ್ತೊಂದು ಒಂದು ವರ್ಷಕ್ಕೆ, ಎರಡೂ ಇದ್ದಕ್ಕಿದ್ದಂತೆ. ನಾಲ್ಕನೆಯ ಮಗುವಿನ ಕವಾಟವನ್ನು ಮುನ್ನೆಚ್ಚರಿಕೆಯಿಂದ ಎರಡನೆಯ ದಿನವೇ ಹೊರತೆಗೆದರು.

ವಿಯೆನ್ನಾದ ವೈದ್ಯರು ಇದನ್ನು ಮುಚ್ಚಿಡಲಿಲ್ಲ. 2003ರಲ್ಲಿ ಎಲ್ಲವನ್ನೂ ಪ್ರಕಟಿಸಿದರು. ಹೊರತೆಗೆದ ಕವಾಟಗಳಲ್ಲಿ ತೀವ್ರ ಉರಿಯೂತ ಇತ್ತು. ಮಕ್ಕಳ ಕೋಶಗಳು ಬಂದು ನೆಲೆಸಿದ ಕುರುಹೇ ಇರಲಿಲ್ಲ. ಅವರು ಮಾಡಿದ ಇನ್ನೊಂದು ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ: ಯಾರಿಗೂ ಹಾಕಿರದ ಕವಾಟವನ್ನೂ ಪರೀಕ್ಷಿಸಿದರು. ಅದರಲ್ಲಿ ಹಂದಿಯ ಕೋಶಗಳು ಪೂರ್ತಿ ಹೋಗಿರಲಿಲ್ಲ, ಸುಣ್ಣದ ಕಣಗಳೂ ಇದ್ದವು. ಕೋಶರಹಿತ ಎಂಬ ಹೆಸರಿನಲ್ಲಿ ಬಂದದ್ದು ಕೋಶರಹಿತವಾಗಿರಲಿಲ್ಲ.

ಹಾಗಾದರೆ ಕುರಿಗಳಲ್ಲಿ ಅದು ಹೇಗೆ ಒಗ್ಗಿತು? ಹಂದಿ, ದನ, ಕುರಿಗಳ ಕೋಶಗಳ ಮೇಲೆ ಆಲ್ಫಾ ಗ್ಯಾಲ್ ಎಂಬ ಸಕ್ಕರೆಯ ಗುರುತು ಇರುತ್ತದೆ. ಮನುಷ್ಯರಲ್ಲಿ, ವಾನರಗಳಲ್ಲಿ, ಏಷ್ಯಾ ಮತ್ತು ಆಫ್ರಿಕಾದ ಕೋತಿಗಳಲ್ಲಿ ಅದಿಲ್ಲ. ಇಲ್ಲದ್ದರಿಂದ ನಮ್ಮ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಹುಟ್ಟಿನ ಮೊದಲ ತಿಂಗಳುಗಳಿಂದಲೇ ಸಿದ್ಧವಾಗುತ್ತವೆ. ಕುರಿಗೆ ಹಂದಿಯ ಈ ಗುರುತು ಸ್ವಂತದ್ದೇ. ಅದಕ್ಕೆ ಕೆರಳಲು ಕಾರಣವಿಲ್ಲ. ಕುರಿ ಮರಿಯಲ್ಲಿ ಸುಣ್ಣ ಬೇಗ ಕಟ್ಟುವುದರಿಂದ ಕವಾಟದ ಬಾಳಿಕೆಗೆ ಅದು ಒಳ್ಳೆಯ ಪರೀಕ್ಷೆ. ಮನುಷ್ಯನ ಪ್ರತಿಕಾಯಗಳ ಎದುರು ಕವಾಟ ನಿಲ್ಲುತ್ತದೆಯೇ ಎಂಬುದಕ್ಕೆ ಅದು ಸಾಕ್ಷಿಯಾಗಲಾರದು. ಕೋಶ ಹೋದರೂ ಈ ಸಕ್ಕರೆ ಹಂದರದ ಪ್ರೋಟೀನುಗಳ ಮೇಲೆ ಉಳಿದಿರಬಹುದು. ಅದಕ್ಕಾಗಿಯೇ ಈಗ ಕೆಲವರು ಅದನ್ನು ಕಡಿದುಹಾಕುವ ಕಿಣ್ವವನ್ನೂ ಬಳಸುತ್ತಾರೆ. ಈ ಸಕ್ಕರೆಯೇ ಇಲ್ಲದಂತೆ ಜೀನು ತಿದ್ದಿದ ಹಂದಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅನುಮತಿ ಕೊಟ್ಟಿದೆ.

ತೊಳೆದಿದ್ದೇವೆ ಎಂದರೆ ಸಾಲದು, ಎಷ್ಟು ಹೋಯಿತು ಎಂಬುದಕ್ಕೆ ಲೆಕ್ಕ ಕೊಡಬೇಕು ಎಂಬ ಮಾತು ಆಮೇಲೆ ಗಟ್ಟಿಯಾಯಿತು. ಬಡಿಲಾಕ್ ಮತ್ತು ಸಂಗಡಿಗರು 2011ರಲ್ಲಿ ಮುಂದಿಟ್ಟ ಅಳತೆಗಳನ್ನು ಇಂದು ಬಹಳ ಪ್ರಯೋಗಶಾಲೆಗಳು ಒಪ್ಪುತ್ತವೆ. ಒಣತೂಕದ ಒಂದು ಮಿಲಿಗ್ರಾಂ ಅಂಗಾಂಶದಲ್ಲಿ ಡಿಎನ್‌ಎ 50 ನ್ಯಾನೊಗ್ರಾಂ ಮೀರಬಾರದು. ಉಳಿದ ಡಿಎನ್‌ಎ ಚೂರುಗಳು 200 ಬೇಸ್ ಜೋಡಿಗಿಂತ ಚಿಕ್ಕವಾಗಿರಬೇಕು. ಬಣ್ಣ ಹಾಕಿ ನೋಡಿದಾಗ ಕೋಶಕೇಂದ್ರ ಕಾಣಬಾರದು. ನನ್ನನ್ನು ಕೇಳಿದರೆ ಇದು ಅಗತ್ಯ, ಆದರೆ ಅಪೂರ್ಣ. ಡಿಎನ್‌ಎ ಹೋಗಿ ಸಕ್ಕರೆಯ ಗುರುತು, ಪೊರೆಯ ಕೊಬ್ಬು ಉಳಿದಿರಬಹುದು. ಕೋಶಗಳ ಜೊತೆ ಹೋಗದ ರೋಗಕಾರಕಗಳೂ ಇವೆ: ಮೃತರ ಮೆದುಳಿನ ಹೊದಿಕೆಯನ್ನು ಒಣಗಿಸಿ ತೇಪೆಯಾಗಿ ಹಾಕಿದವರಲ್ಲಿ ಪ್ರಿಯಾನ್ ಕಾಯಿಲೆ ಕಾಣಿಸಿಕೊಂಡದ್ದು 1987ರಲ್ಲಿ ಮೊದಲು ವರದಿಯಾಯಿತು. ಇಂಥ ಕಾಯಿಲೆ ಪ್ರಾಣಿಯ ಅಂಗಾಂಶದಿಂದ ಬರದಂತೆ, ಪ್ರಾಣಿ ಯಾವ ಹಿಂಡಿನದು, ಏನು ತಿಂದಿತ್ತು ಎಂಬ ದಾಖಲೆಯೂ ತೊಳೆಯುವಷ್ಟೇ ಮುಖ್ಯ.

ಇಡೀ ಅಂಗವನ್ನೇ ತೊಳೆಯುವ ಸಾಹಸದ ಬಗ್ಗೆ ಎರಡೇ ಮಾತು. 2008ರಲ್ಲಿ ಮಿನ್ನೆಸೋಟದಲ್ಲಿ ಡೋರಿಸ್ ಟೇಲರ್ ಮತ್ತು ಹರಾಲ್ಡ್ ಆಟ್ ಅವರ ತಂಡ ಇಲಿಯ ಹೃದಯವನ್ನು ಅದರ ರಕ್ತನಾಳಗಳ ಮೂಲಕವೇ ತೊಳೆದು, ಹಂದರಕ್ಕೆ ಹೊಸ ಕೋಶ ತುಂಬಿತು. ಎಂಟನೆಯ ದಿನ ಅದು ಬಡಿಯಿತು, ಬೆಳೆದ ಇಲಿಯ ಹೃದಯದ ಶೇ. 2ರಷ್ಟು ಶಕ್ತಿಯಿಂದ. ಪತ್ರಿಕೆಗಳು ನಾಳೆಯೇ ಅಂಗಗಳು ಸಿದ್ಧ ಎಂಬಂತೆ ಬರೆದವು. ಅದೇ ವರ್ಷ ಬಾರ್ಸಿಲೋನಾದಲ್ಲಿ ಪಾವೊಲೊ ಮಕಿಯಾರಿನಿ ಕೋಶ ಕಳೆದ ಶ್ವಾಸನಾಳ ಕಸಿ ಮಾಡಿ ಜಗತ್ಪ್ರಸಿದ್ಧರಾದರು. ಆ ಕಸಿಯನ್ನು ವರದಿ ಮಾಡಿದ್ದ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2023ರಲ್ಲಿ ಹಿಂಪಡೆಯಿತು. ಆತುರದ ಬೆಲೆ ತೆತ್ತವರು ರೋಗಿಗಳು.

ನಿಧಾನವಾಗಿ, ಸಣ್ಣದರಿಂದ ಆರಂಭಿಸಿದವರ ಕೆಲಸ ಗಟ್ಟಿಯಾಗಿ ನಿಂತಿದೆ. ಶ್ರೀ ಚಿತ್ರಾ ಸಂಸ್ಥೆಯಲ್ಲೇ ಟಿ.ವಿ. ಅನಿಲ್‌ಕುಮಾರ್ ಅವರ ತಂಡ ಹಂದಿಯ ಪಿತ್ತಕೋಶದಿಂದ ಕೋಶ ತೆಗೆದು ತಯಾರಿಸಿದ, ಗಾಯ ಮಾಯಿಸುವ ಪೊರೆಗೆ 2023ರಲ್ಲಿ ಕೇಂದ್ರದ ಔಷಧ ನಿಯಂತ್ರಕರ ಅನುಮತಿ ಸಿಕ್ಕಿತು. ಚೆನ್ನೈನಲ್ಲಿ ಡಾ. ಕೆ.ಎಂ. ಚೆರಿಯನ್ ಅವರ ತಂಡ ದನದ ಹೃದಯದ ಹೊರಚೀಲವನ್ನು ಕೋಶರಹಿತಗೊಳಿಸಿ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ತೇಪೆಯಾಗಿ ಬಳಸಿತು. ಐಸ್‌ಲ್ಯಾಂಡಿನವರು ಕಾಡ್ ಮೀನಿನ ಚರ್ಮದಿಂದ ಗಾಯದ ಹೊದಿಕೆ ಮಾಡುತ್ತಾರೆ.

ಹಂದಿ, ದನ ಎಂದಾಗ ಈ ಸಭೆಯಲ್ಲಿ ಕೆಲವರಿಗೆ ಇರಿಸುಮುರಿಸಾಗಿರಬಹುದು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವ ವೈದ್ಯರ ಪೈಕಿ ನಾನಲ್ಲ. ಎದೆಯೊಳಗೆ ಕೂರುವುದು ಯಾವ ಪ್ರಾಣಿಯದು ಎಂದು ಶಸ್ತ್ರಚಿಕಿತ್ಸೆಗೆ ಮುಂಚೆ, ರೋಗಿಯ ಭಾಷೆಯಲ್ಲಿ, ಸಹಿ ಹಾಕುವ ಹಾಳೆಯ ಮೂಲೆಯಲ್ಲಲ್ಲ, ಬಾಯಿಬಿಟ್ಟು ಹೇಳಬೇಕು. ಜೀವ ಉಳಿಸುವುದಕ್ಕಾಗಿ ಒಪ್ಪಬಹುದು ಎನ್ನುವ ಹಿರಿಯರು ಎಲ್ಲ ಧರ್ಮಗಳಲ್ಲೂ ಇದ್ದಾರೆ. ಆದರೆ ಒಪ್ಪುವ ಹಕ್ಕು ರೋಗಿಯದು.

ರುಮ್ಯಾಟಿಕ್ ರೋಗದ ಹೆಣ್ಣುಮಗಳಿಗೆ ಯಾವ ಕವಾಟ ಎಂದು ಮೊದಲು ಕೇಳಿದ ಪ್ರಶ್ನೆಗೆ ಇಂದು ಸಿಗುವ ಉತ್ತರ ಪೂರ್ತಿಯಾದದ್ದಲ್ಲ. ಕೋಶ ಕಳೆದ ಪ್ರಾಣಿ ಕವಾಟ ಆ ಹೆಣ್ಣುಮಗಳ ಮೈಟ್ರಲ್ ಸ್ಥಾನಕ್ಕೆ ಇನ್ನೂ ಸಿದ್ಧವಿಲ್ಲ. ಹೃದಯದಲ್ಲಿ ಅತಿ ಹೆಚ್ಚಿನ ಒತ್ತಡ ತಡೆಯಬೇಕಾದ ಜಾಗ ಅದು. ಇಂದು ನಿಜವಾಗಿ ಭರವಸೆ ಮೂಡಿಸಿರುವುದು, ಒತ್ತಡ ಕಡಿಮೆ ಇರುವ ಪಲ್ಮನರಿ ಸ್ಥಾನದಲ್ಲಿ, ಮನುಷ್ಯರೇ ದಾನ ಮಾಡಿದ ಕವಾಟವನ್ನು ಕೋಶರಹಿತಗೊಳಿಸಿ ಹಾಕಿದ್ದು. ಜರ್ಮನಿಯ ಹ್ಯಾನೋವರಿನಲ್ಲಿ ಆಕ್ಸೆಲ್ ಹಾವೆರಿಕ್ ಅವರ ಬಳಗ, ಅವರ ಜೊತೆ ಮಾಲ್ಡೋವಾದ ಸೆರ್ಗೆಯ್ ಚೆಬೊಟಾರಿ, 2002ರಿಂದ ಈ ದಾರಿಯಲ್ಲಿ ನಡೆದರು. ಮೊದಲ ಮಕ್ಕಳಲ್ಲಿ ಕವಾಟದ ಉಂಗುರ ಮಗುವಿನೊಂದಿಗೆ ಹಿಗ್ಗುತ್ತ ಬಂದದ್ದನ್ನು ದಾಖಲಿಸಿದರು. ಅಲ್ಲಿಂದ ಯುರೋಪಿನ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಎಸ್ಪ್ವಾರ್ ಅಧ್ಯಯನ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದೆ. ಹುಟ್ಟಿನಿಂದಲೇ ಬಲಭಾಗದ ಕವಾಟದ ತೊಂದರೆ ಇರುವ ಮಕ್ಕಳು ನಮ್ಮಲ್ಲೂ ಕಡಿಮೆಯಿಲ್ಲ. ಅವರಿಗೆ ಈ ದಾರಿ ಇಂದೇ ತೆರೆದಿದೆ, ದಾನದ ಕವಾಟ ಸಿಕ್ಕರೆ.

ಸಿಗುವುದಿಲ್ಲ ಎಂಬುದೇ ಪ್ರಾಣಿಗಳ ಕಡೆ ನೋಡಲು ಕಾರಣ. ಕನ್ನಡಿಗರು ಕಣ್ಣುದಾನವನ್ನು ಮನೆಮಾತು ಮಾಡಿಕೊಂಡವರು. ರಾಜ್‌ಕುಮಾರ್ ಅವರ ಕಣ್ಣು, ಪುನೀತ್ ಅವರ ಕಣ್ಣು ಬೇರೆಯವರಿಗೆ ಬೆಳಕಾದದ್ದು ನಾಡಿಗೆಲ್ಲ ಗೊತ್ತು. ಹೃದಯವನ್ನೇ ಕಸಿ ಮಾಡಲು ಆಗದಿದ್ದಾಗಲೂ, ಬಡಿತ ನಿಂತು ಕೆಲವು ಗಂಟೆಗಳಾದ ಮೇಲೂ, ಕವಾಟವನ್ನು ತೆಗೆದಿಡಬಹುದು ಎಂಬುದು ಅಷ್ಟು ಗೊತ್ತಿಲ್ಲ. ನಮ್ಮ ಅಂಗಾಂಗ ಕಸಿ ಕಾಯ್ದೆಯ 2011ರ ತಿದ್ದುಪಡಿ ಅಂಗಾಂಶಗಳನ್ನೂ ಒಳಗೊಂಡಿದೆ. ದಾನದ ಪ್ರತಿಜ್ಞೆಯ ಏಳನೆಯ ನಮೂನೆಯಲ್ಲಿ ಕಣ್ಣು, ಚರ್ಮ, ಮೂಳೆಗಳ ಜೊತೆ ಹೃದಯದ ಕವಾಟಕ್ಕೂ ಒಂದು ಸಾಲಿದೆ. ಆ ನಮೂನೆ ತುಂಬುವಾಗ ಆ ಸಾಲಿಗೂ ಗುರುತು ಹಾಕಿ, ಹಾಕಿದ್ದನ್ನು ಮನೆಯವರಿಗೆ ತಿಳಿಸಿ. ಸಾವಿನ ಹೊತ್ತಿನಲ್ಲಿ ಆಸ್ಪತ್ರೆಯವರು ಒಪ್ಪಿಗೆ ಕೇಳುವುದು ಅವರನ್ನೇ.